ಹರಿಶ್ಚಂದ್ರ ಘಾಟಿನಲ್ಲೊಂದು ಪ್ರಶ್ನೆ, ಆವರ್ತ ಕೋಷ್ಟಕದಲ್ಲೊಂದು ಉತ್ತರ

ಕಾಶಿಯ ಹರಿಶ್ಚಂದ್ರ ಘಾಟಿಗೆ ದಕ್ಷಿಣದಲ್ಲಿ ಹೊಂದಿಕೊಂಡಂತೆಯೇ ಕರ್ನಾಟಕ ಘಾಟ್ ಇದೆ. ಮೈಸೂರು ಸಂಸ್ಥಾನದ ನಂಟಿನಿಂದ ಅದಕ್ಕೆ ಮೈಸೂರು ಘಾಟ್ ಎಂಬ ಹೆಸರೂ ಉಂಟು. ಹೊರನಾಡಿನಲ್ಲಿ ನೆಲೆಸಿದ ನಮ್ಮಂಥವರಿಗೆ ಗಂಗೆಯ ದಡದಲ್ಲಿ ನಾಡಿನ ಹೆಸರನ್ನು ಓದುವುದೇ ಒಂದು ಸಮಾಧಾನ. ಆದರೆ ಆ ಮೆಟ್ಟಿಲುಗಳ ಮೇಲೆ ಕುಳಿತವರ ಕಣ್ಣಿಗೆ ಮೊದಲು ಬೀಳುವುದು ಪಕ್ಕದ ಘಾಟಿನ ಚಿತೆಗಳು. ಕಳೆದ ಚಳಿಗಾಲದಲ್ಲಿ ನಾವು ಅಲ್ಲಿ ಕುಳಿತದ್ದು ಯಾತ್ರಿಕರಾಗಿ ಅಲ್ಲ. ನಮ್ಮ ದೊಡ್ಡಮ್ಮನ ಅಸ್ಥಿಯನ್ನು ಗಂಗೆಯಲ್ಲಿ ಬಿಟ್ಟು, ದೋಣಿಯಿಂದ ಇಳಿದು, ಮಾತಿಲ್ಲದೆ ಕುಳಿತಿದ್ದೆವು.

ನಮ್ಮೊಡನೆ ಮನೆಯ ಹುಡುಗಿಯೊಬ್ಬಳಿದ್ದಳು. ಹತ್ತನೆಯ ತರಗತಿಯಲ್ಲಿ ಓದುವವಳು. ದೋಣಿಯಲ್ಲಿ ಕುಡಿಕೆಯ ಬಟ್ಟೆಯನ್ನು ಬಿಚ್ಚಿದಾಗ ಅವಳು ಒಳಗೆ ಇಣುಕಿ ನೋಡಿದ್ದಳು. ಬೂದು ಬಣ್ಣದ ಪುಡಿ, ಅದರ ನಡುವೆ ಬಿಳಿಯ ಚೂರುಗಳು. ದಡಕ್ಕೆ ಬಂದಮೇಲೆ ಅವಳು ಕೇಳಿದಳು: "ಅದರಲ್ಲಿ ಅಜ್ಜಿ ಎಷ್ಟಿದ್ದರು? ಉಳಿದದ್ದೆಲ್ಲ ಎಲ್ಲಿಗೆ ಹೋಯಿತು?" ನಮ್ಮಲ್ಲಿ ಹಿರಿಯರೊಬ್ಬರು, "ಪಂಚಭೂತಗಳಲ್ಲಿ ಸೇರಿಹೋಯಿತಮ್ಮ" ಎಂದರು. ಅವಳು ತಲೆಯಾಡಿಸಿ ಸುಮ್ಮನಾದಳು. ಆ ಮಾತು ಸುಳ್ಳಲ್ಲ. ಆದರೆ ಅದು ಪ್ರಶ್ನೆಯನ್ನು ಮುಚ್ಚಿತೇ ಹೊರತು ಉತ್ತರಿಸಲಿಲ್ಲ. ಆ ಹುಡುಗಿಯ ಪ್ರಶ್ನೆಗೆ ಸರಿಯಾದ ಉತ್ತರ ಅವಳ ತರಗತಿಯ ಗೋಡೆಯ ಮೇಲೆಯೇ ತೂಗುಹಾಕಿತ್ತು. ಧಾತುಗಳ ಆವರ್ತ ಕೋಷ್ಟಕವೆಂಬ ಆ ಪಟವನ್ನು ಅವಳು ಉರುಹೊಡೆಯಬೇಕಾದ ಹೆಸರುಗಳ ಪಟ್ಟಿಯೆಂದಷ್ಟೇ ಬಲ್ಲಳು. ನಾವೂ ನಮ್ಮ ಕಾಲದಲ್ಲಿ ಹಾಗೆಯೇ ಬಲ್ಲವರಾಗಿದ್ದೆವು. ಈ ಬರಹಕ್ಕೆ ಆ ಸಂಕೋಚವೇ ಕಾರಣ.

ಹರಿಶ್ಚಂದ್ರ ಘಾಟ್ ಎಂದರೆ ಕನ್ನಡಿಗರಿಗೆ ರಾಘವಾಂಕನ ನೆನಪು ಬಾರದಿರದು. ಹಂಪೆಯ ಆ ಷಟ್ಪದಿಯ ಕವಿ ತನ್ನ ಕಾವ್ಯದಲ್ಲಿ ಅಯೋಧ್ಯೆಯ ಅರಸನನ್ನು ಕಾಶಿಯ ಮಸಣಕ್ಕೆ ತಂದು ನಿಲ್ಲಿಸಿದ. ವೀರಬಾಹುಕನ ಆಳಾಗಿ ಸುಡುಗಾಡು ಕಾಯುವ ಹರಿಶ್ಚಂದ್ರ, ಸತ್ತ ಮಗನನ್ನು ಹೊತ್ತು ಬಂದ ಹೆಂಡತಿಯಿಂದಲೂ ತೆರೆ ಕೇಳಬೇಕಾದ ಆ ಗಳಿಗೆ ನಮ್ಮ ನಾಡಿನ ತಲೆಮಾರುಗಳ ಗಂಟಲನ್ನು ಕಟ್ಟಿಸಿದೆ. ಇಂದಿಗೂ ಈ ಘಾಟಿನಲ್ಲಿ ಬೆಂಕಿ ಕೊಡುವವರು, ಚಿತೆ ನೋಡಿಕೊಳ್ಳುವವರು ಡೋಮ್ ಸಮುದಾಯದವರು. ಬೆಂಕಿ ಆರಿದಮೇಲೆ ಬೂದಿಯನ್ನು ನೀರಿನಲ್ಲಿ ಜಾಲಿಸಿ, ಸತ್ತವರ ಮೈಮೇಲೆ ಉಳಿದಿದ್ದ ಒಡವೆಯ ಚಿನ್ನದ ಕಣಗಳನ್ನು ಹುಡುಕುವವರನ್ನೂ ಅಲ್ಲಿ ಕಾಣಬಹುದು. ನಾವು ಕುಳಿತಿದ್ದಾಗಲೂ ಮೊಣಕಾಲುದ್ದ ನೀರಿನಲ್ಲಿ ಇಬ್ಬರು ಬಾಂಡಲೆ ತಿರುಗಿಸುತ್ತಿದ್ದರು. ಚಿತೆ ಒಮ್ಮೆ ಬೇರ್ಪಡಿಸಿದ್ದನ್ನು ಅವರು ನೀರಿನಲ್ಲಿ ಮತ್ತೊಮ್ಮೆ ಬೇರ್ಪಡಿಸುತ್ತಿದ್ದರು.

ಚಿತೆಯೂ ಒಂದು ಜರಡಿಯೇ. ಎಪ್ಪತ್ತು ಕಿಲೋ ತೂಕದ ಮನುಷ್ಯದೇಹದಲ್ಲಿ ಸುಮಾರು 43 ಕಿಲೋ ಆಮ್ಲಜನಕ, 16 ಕಿಲೋ ಇಂಗಾಲ, 7 ಕಿಲೋ ಜಲಜನಕ, 1.8 ಕಿಲೋ ಸಾರಜನಕ ಇರುತ್ತವೆ. ಈ ನಾಲ್ಕೇ ಧಾತುಗಳು ನಮ್ಮ ತೂಕದ ನೂರರಲ್ಲಿ ತೊಂಬತ್ತಾರು ಪಾಲು. ಉಳಿದ ಅಲ್ಪಭಾಗದಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ, ಮುಕ್ಕಾಲು ಕಿಲೋಗೆ ತುಸು ಮಿಕ್ಕ ರಂಜಕ, 140 ಗ್ರಾಂನಷ್ಟು ಪೊಟ್ಯಾಸಿಯಂ, 100 ಗ್ರಾಂನಷ್ಟು ಸೋಡಿಯಂ, ಗಂಧಕ, ಕ್ಲೋರಿನ್, ಮೆಗ್ನೀಸಿಯಂ, ಐದು ಗ್ರಾಂಗೂ ಕಡಿಮೆ ಕಬ್ಬಿಣ. ಬೆಂಕಿ ಹೊತ್ತಿದಾಗ ಇಂಗಾಲ ಗಾಳಿಯ ಆಮ್ಲಜನಕದೊಡನೆ ಕೂಡಿ ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ. ಜಲಜನಕ ನೀರಾವಿಯಾಗುತ್ತದೆ. ಸಾರಜನಕದ ಹೆಚ್ಚಿನ ಪಾಲು ತಾನು ಬಂದ ಗಾಳಿಗೇ ಹಿಂದಿರುಗುತ್ತದೆ. ಕ್ಯಾಲ್ಸಿಯಂ ಮತ್ತು ರಂಜಕ ಮಾತ್ರ ಒಂದನ್ನೊಂದು ಬಿಡದೆ, ನಡುವೆ ಆಮ್ಲಜನಕವನ್ನು ಹಿಡಿದುಕೊಂಡು, ಬಿಳಿಯ ಚೂರುಗಳಾಗಿ ಉಳಿಯುತ್ತವೆ. ನಾವು ಅಸ್ಥಿ ಎಂದು ಕರೆಯುವುದು ಬಹುಪಾಲು ಈ ಕ್ಯಾಲ್ಸಿಯಂ ಫಾಸ್ಫೇಟನ್ನೇ. ಕುಡಿಕೆಯಲ್ಲಿದ್ದದ್ದು ಎರಡು ಮೂರು ಕಿಲೋ. ಉಳಿದ ದೊಡ್ಡಮ್ಮ ಆಗಲೇ ಆಕಾಶದಲ್ಲಿದ್ದರು. ಹುಡುಗಿಯ ಪ್ರಶ್ನೆಗೆ ಇದು ಮೊದಲ ಉತ್ತರ.

ಆದರೆ ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ ಎಂಬುದನ್ನು ನಿರ್ಧರಿಸುವುದು ಯಾವುದು? ಆವರ್ತ ಕೋಷ್ಟಕವನ್ನು ಎದುರಿಗಿಟ್ಟು ನೋಡಿದರೆ ಗುಟ್ಟು ಕಾಣುತ್ತದೆ. ಹೊಗೆಯೊಡನೆ ಹೋದ ಇಂಗಾಲ, ಸಾರಜನಕ, ಗಂಧಕಗಳು ಕೋಷ್ಟಕದ ಬಲಭಾಗದ ಮೇಲ್ಮೂಲೆಯವು. ಅವು ಆಮ್ಲಜನಕದೊಡನೆ ಕೂಡಿದರೆ ಸಾಮಾನ್ಯವಾಗಿ ಅನಿಲಗಳಾಗುತ್ತವೆ. ಬೂದಿಯಲ್ಲಿ ಉಳಿದ ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂಗಳು ಎಡ ಅಂಚಿನ ಎರಡು ಕಂಬಸಾಲುಗಳವು. ಅವು ಆಮ್ಲಜನಕದೊಡನೆ ಕೂಡಿದರೆ ಬೆಂಕಿಗೂ ಬಗ್ಗದ ಘನವಸ್ತುಗಳಾಗುತ್ತವೆ. ನಡುಭಾಗದ ಚಿನ್ನ ಆಮ್ಲಜನಕದ ಕೈಹಿಡಿಯುವುದೇ ಇಲ್ಲ. ಚಿತೆ ಅದನ್ನು ಕರಗಿಸಬಹುದು, ಸುಡಲಾರದು. ಬಾಂಡಲೆ ಹಿಡಿದವರ ದುಡಿಮೆ ನಿಂತಿರುವುದು ಕೋಷ್ಟಕದ ಆ ಒಂದು ಮನೆಯ ಗುಣದ ಮೇಲೆ.

ಈ ಕೋಷ್ಟಕದ ಮೊದಲ ವರ್ಗದ ಹೆಸರೇ ಬೂದಿಯಿಂದ ಬಂದದ್ದು. ನಾವು ಆ ಧಾತುಗಳನ್ನು ಕ್ಷಾರಲೋಹಗಳು ಎನ್ನುತ್ತೇವೆ. ಕ್ಷಾರವೆಂದರೆ ಬೂದಿಯಿಂದ ತೆಗೆದ ಉರಿಗುಣದ ಸಾರ. ಪಶ್ಚಿಮದವರ 'ಆಲ್ಕಲಿ' ಎಂಬ ಮಾತೂ ಅರಬ್ಬಿ ಭಾಷೆಯಲ್ಲಿ ಗಿಡದ ಬೂದಿಗಿದ್ದ ಹೆಸರಿನಿಂದಲೇ ಬಂದದ್ದು. 1807ರಲ್ಲಿ ಹಂಫ್ರಿ ಡೇವಿ ಇಂಥ ಕ್ಷಾರಗಳನ್ನು ಕರಗಿಸಿ, ವಿದ್ಯುತ್ ಹರಿಸಿ, ಮೊದಲು ಪೊಟ್ಯಾಸಿಯಂ, ಕೆಲವೇ ದಿನಗಳಲ್ಲಿ ಸೋಡಿಯಂ ಲೋಹಗಳನ್ನು ಬೇರ್ಪಡಿಸಿದರು. ನಮ್ಮ ಹಳ್ಳಿಗಳಲ್ಲಿ ಒಲೆಯ ಬೂದಿಯಿಂದ ಪಾತ್ರೆ ಬೆಳಗುತ್ತಿದ್ದರು; ಅಗಸರು ಚೌಳುಮಣ್ಣಿನಿಂದ ಬಟ್ಟೆಯ ಕೊಳೆ ತೆಗೆಯುತ್ತಿದ್ದರು. ಬೂದಿಯ ಬಲ ಪೊಟ್ಯಾಸಿಯಂನದು, ಚೌಳಿನ ಬಲ ಸೋಡಿಯಂನದು. ಒಂದು ಮರದಿಂದ ಬಂದದ್ದು, ಇನ್ನೊಂದು ನೆಲದಿಂದ ಬಂದದ್ದು. ಆದರೂ ಜಿಡ್ಡನ್ನು ಕಂಡಾಗ ಎರಡೂ ಒಂದೇ ರೀತಿ ನಡೆದುಕೊಂಡವು. ಆ ಎರಡು ದಾಯಾದಿಗಳನ್ನು ಒಂದರ ಕೆಳಗೊಂದು ಕೂರಿಸಿದ್ದೇ ಕೋಷ್ಟಕದ ಕೆಲಸ. ನಡತೆಯ ಹೋಲಿಕೆಯಿಂದ ನಂಟನ್ನು ಗುರುತಿಸುವುದು ಅದರ ತಿರುಳು.

ಇದನ್ನು ಮಕ್ಕಳಿಗೆ ತಿಳಿಸಲು ಕನ್ನಡಿಗರಾದ ನಮಗೆ ಒಂದು ಸೊಗಸಾದ ದಾರಿಯಿದೆ. ಹೊರನಾಡಿನ ಕನ್ನಡ ಶಾಲೆಗಳಲ್ಲಿ ನಾವು ಮಕ್ಕಳಿಗೆ ಮೊದಲು ಕಲಿಸುವುದೇ ಒಂದು ಕೋಷ್ಟಕವನ್ನು. ಕ ಖ ಗ ಘ ಙ, ಚ ಛ ಜ ಝ ಞ ಎಂದು ಐದು ಸಾಲು, ಐದು ಕಂಬ. ಅಡ್ಡಸಾಲಿನಲ್ಲಿ ಇರುವುದೆಲ್ಲ ಬಾಯಿಯ ಒಂದೇ ಜಾಗದಲ್ಲಿ ಹುಟ್ಟಿದವು. ಕಂಬಸಾಲಿನಲ್ಲಿರುವುದೆಲ್ಲ ಒಂದೇ ಬಗೆಯ ಉಸಿರಿನವು: ಒಂದು ಕಂಬ ಅಲ್ಪಪ್ರಾಣ, ಒಂದು ಕಂಬ ಮಹಾಪ್ರಾಣ, ಕೊನೆಯದು ಅನುನಾಸಿಕ. ಮೇಲಿನಿಂದ ಕೆಳಗೆ ಬಂದಂತೆ ದನಿ ಗಂಟಲಿನಿಂದ ತುಟಿಯ ಕಡೆಗೆ ಸರಿಯುತ್ತದೆ. ಯಾರಾದರೂ ಪಟದ ಮೇಲೆ 'ಡ' ಅಕ್ಷರವನ್ನು ಅಳಿಸಿದರೆ, ಎಡಗಡೆಯ ಟ ಮತ್ತು ಠ, ಮೇಲಿನ ಜ, ಕೆಳಗಿನ ದ ಇವನ್ನು ಉಚ್ಚರಿಸಿ ನೋಡಿ, ಅಳಿದ ಅಕ್ಷರದ ದನಿ ಹೀಗಿರಬೇಕು ಎಂದು ಹೇಳಬಹುದು. ಕನ್ನಡದಲ್ಲಿ ಙ, ಞ ಅಕ್ಷರಗಳನ್ನು ಬಿಡಿಯಾಗಿ ಬಳಸುವ ಸಂದರ್ಭ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಮಗು ಅವನ್ನು ಹೇಳುತ್ತದೆ, ಏಕೆಂದರೆ ಆ ಸಾಲು ಅವುಗಳಿಗೆ ಒಂದು ಮನೆಯನ್ನು ಕಟ್ಟಿಟ್ಟಿದೆ. ವರ್ಗಕ್ಕೆ ಸೇರದ ಯ ರ ಲ ವಗಳನ್ನು ಕೆಳಗೆ ಬೇರೆಯಾಗಿ ಬರೆದದ್ದನ್ನು ಕಂಡ ಮಗುವಿಗೆ, ಆವರ್ತ ಕೋಷ್ಟಕದ ಕೆಳಗೆ ಎರಡು ಸಾಲುಗಳು ಏಕೆ ಬೇರೆಯಾಗಿ ಕುಳಿತಿವೆ ಎಂಬುದೂ ವಿಚಿತ್ರವೆನಿಸದು.

ಪೀಟರ್ಸ್‌ಬರ್ಗಿನ ರಸಾಯನ ಪ್ರಾಧ್ಯಾಪಕ ದ್ಮಿತ್ರಿ ಮೆಂಡಲೀವ್ 1869ರಲ್ಲಿ ಮಾಡಿದ್ದೂ ಇಂಥದೇ ಕೆಲಸ. ಆಗ ತಿಳಿದಿದ್ದ ಧಾತುಗಳು 63. ಅವನ್ನು ಪರಮಾಣು ತೂಕದ ಏರಿಕೆಯಲ್ಲಿ ಜೋಡಿಸುತ್ತ ಹೋದಾಗ ಗುಣಗಳು ಮತ್ತೆ ಮತ್ತೆ ಮರಳಿ ಬರುವುದನ್ನು ಅವರು ಕಂಡರು. ಋತುಗಳಂತೆ ಮರಳಿ ಬರುವುದರಿಂದಲೇ ಅದು ಆವರ್ತ. ಧಾತುಗಳನ್ನು ಗುಂಪುಗೂಡಿಸಲು ಅವರಿಗಿಂತ ಮೊದಲೂ ಹಲವರು ಯತ್ನಿಸಿದ್ದರು. ಮೆಂಡಲೀವರ ಹಿರಿಮೆ ಇರುವುದು ಎರಡು ಧೈರ್ಯಗಳಲ್ಲಿ. ಮೊದಲನೆಯದು, ತೂಕದ ಲೆಕ್ಕ ಒಂದು ಹೇಳಿದಾಗಲೂ ನಡತೆಯ ಸಾಕ್ಷಿಯನ್ನು ನಂಬಿದ್ದು. ಟೆಲ್ಯೂರಿಯಂ ಅಯೋಡಿನ್‌ಗಿಂತ ಭಾರ. ತೂಕದ ಕ್ರಮದಲ್ಲಿ ಅದು ಅಯೋಡಿನ್ ಆದಮೇಲೆ ಬರಬೇಕು. ಆದರೆ ಅಯೋಡಿನ್ನಿನ ಗುಣ ಕ್ಲೋರಿನ್, ಬ್ರೋಮಿನ್‌ಗಳ ಗುಣ. ಮೆಂಡಲೀವ್ ಅದನ್ನು ಅದರ ನಂಟರ ಮನೆಯಲ್ಲೇ ಕೂರಿಸಿದರು. ಎರಡನೆಯದು, ಗೊತ್ತಿಲ್ಲದ ಕಡೆ ಮನೆಯನ್ನು ಖಾಲಿ ಬಿಟ್ಟದ್ದು.

ಖಾಲಿ ಬಿಟ್ಟದ್ದಷ್ಟೇ ಅಲ್ಲ, ಆ ಮನೆಗೆ ಬರಬೇಕಾದವನ ಚಹರೆಯನ್ನೂ 1871ರಲ್ಲಿ ಬರೆದಿಟ್ಟರು. ಅಲ್ಯೂಮಿನಿಯಂ ಕೆಳಗಿನ ಮನೆಗೆ ಏಕ-ಅಲ್ಯೂಮಿನಿಯಂ, ಸಿಲಿಕಾನ್ ಕೆಳಗಿನದಕ್ಕೆ ಏಕ-ಸಿಲಿಕಾನ್ ಎಂದು ಹೆಸರಿಟ್ಟರು. 1875ರಲ್ಲಿ ಫ್ರಾನ್ಸಿನ ಲೆಕಾಕ್ ದ ಬ್ವಾಬೋದ್ರಾನ್ ಗ್ಯಾಲಿಯಂ ಎಂಬ ಹೊಸ ಧಾತುವನ್ನು ಕಂಡುಹಿಡಿದು, ಅದರ ಸಾಂದ್ರತೆ 4.7 ಎಂದು ಅಳೆದರು. ಆ ಲೋಹವನ್ನು ಕಣ್ಣಾರೆ ಕಾಣದ ಮೆಂಡಲೀವ್, ಅದು 5.9ರ ಆಸುಪಾಸಿನಲ್ಲಿರಬೇಕು, ಮಾದರಿಯನ್ನು ಶುದ್ಧಮಾಡಿ ಮತ್ತೆ ಅಳೆಯಿರಿ ಎಂದು ತಿಳಿಸಿದರು. ಮತ್ತೆ ಅಳೆದಾಗ ಬಂದದ್ದು 5.9. ಕೈಯಲ್ಲಿ ಹಿಡಿದವನಿಗಿಂತ ಕೋಷ್ಟಕ ಬಲ್ಲವನಿಗೆ ಆ ಲೋಹ ಹೆಚ್ಚು ಚೆನ್ನಾಗಿ ಗೊತ್ತಿತ್ತು! 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ಸಿಕ್ಕವು. ಏಕ-ಸಿಲಿಕಾನಿನ ತೂಕ 72, ಸಾಂದ್ರತೆ 5.5 ಎಂದಿದ್ದರು, ಜರ್ಮೇನಿಯಂನದು 72.6 ಮತ್ತು 5.3. ಮ್ಯಾಂಗನೀಸಿನ ಕೆಳಗಿನ ಮನೆಯವನು ಮಾತ್ರ 1937ರವರೆಗೆ ಕಾಯಿಸಿದ. ನೆಲದಲ್ಲಿ ಇಲ್ಲವೆನ್ನುವಷ್ಟು ವಿರಳವಾದ ಆ ಟೆಕ್ನೀಶಿಯಂ ಇಂದು ಆಸ್ಪತ್ರೆಗಳಲ್ಲಿ ಹೃದಯ, ಮೂಳೆಗಳ ಸ್ಕ್ಯಾನ್‌ಗೆ ಬೇಕಾದದ್ದು. ನಮ್ಮ ಙಕಾರದಂತೆ ಅದಕ್ಕೂ ಮನೆ ಮೊದಲೇ ಸಿದ್ಧವಾಗಿತ್ತು.

ಈ ಕ್ರಮದ ಕಾರಣ ತಿಳಿದದ್ದು ಆಮೇಲೆ. 1913ರಲ್ಲಿ ಹೆನ್ರಿ ಮೋಸ್ಲಿ ಎಕ್ಸ್-ಕಿರಣಗಳ ಮೂಲಕ, ಧಾತುವಿನ ಸ್ಥಾನವನ್ನು ನಿರ್ಧರಿಸುವುದು ತೂಕವಲ್ಲ, ಪರಮಾಣುವಿನ ಬೀಜದಲ್ಲಿರುವ ಧನ ವಿದ್ಯುದಂಶದ ಎಣಿಕೆ ಎಂದು ತೋರಿಸಿದರು. ಟೆಲ್ಯೂರಿಯಂ 52, ಅಯೋಡಿನ್ 53. ಮೆಂಡಲೀವ್ ಕೂರಿಸಿದ್ದು ಸರಿಯಾದ ಜಾಗದಲ್ಲೇ. ಬೀಜದ ಸುತ್ತಲಿನ ಎಲೆಕ್ಟ್ರಾನುಗಳಲ್ಲಿ ಹೊರಗಿನ ಸುತ್ತಿನವು ಮಾತ್ರ ಬೇರೆ ಧಾತುಗಳೊಡನೆ ವ್ಯವಹಾರಕ್ಕೆ ಇಳಿಯುತ್ತವೆ. ಹೊರಸುತ್ತಿನ ಎಣಿಕೆ ಒಂದೇ ಆದಾಗ ನಡತೆಯೂ ಹೋಲುತ್ತದೆ. ಸೋಡಿಯಂ, ಪೊಟ್ಯಾಸಿಯಂ ಎರಡಕ್ಕೂ ಹೊರಗಿರುವುದು ಒಂದೇ ಎಲೆಕ್ಟ್ರಾನ್. ಅದನ್ನು ಬಿಟ್ಟುಕೊಡುವ ಆತುರವೂ ಒಂದೇ ಬಗೆಯದು. ಇಂದು ಏಳು ಆವರ್ತಗಳು, ಹದಿನೆಂಟು ವರ್ಗಗಳು, 118 ಧಾತುಗಳು. ಏಳನೆಯ ಸಾಲಿನ ಕೊನೆಯ ಖಾಲಿ ಮನೆಗಳಿಗೆ 2016ರಲ್ಲಿ ಹೆಸರುಗಳು ಬಂದವು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ನಮಗೆ ನಾವೇ ಹೇಳಿಕೊಳ್ಳಬೇಕು. ಮೆಂಡಲೀವ್ ಬಳಸಿದ 'ಏಕ', 'ದ್ವಿ', 'ತ್ರಿ' ಸಂಸ್ಕೃತದ ಎಣಿಕೆಗಳು ಎಂಬುದು ನಿಜ. ಅದೇ ಊರಿನಲ್ಲಿ ಪಾಣಿನಿಯ ವ್ಯಾಕರಣವನ್ನು ಸಂಪಾದಿಸಿದ ಓಟೋ ಬೋಟ್ಲಿಂಕ್ ಎಂಬ ಸಂಸ್ಕೃತ ವಿದ್ವಾಂಸರಿದ್ದರು. ಅಕ್ಷರಗಳ ಸಂಸ್ಕೃತದ ಜೋಡಣೆಯಿಂದ ಮೆಂಡಲೀವರಿಗೆ ಹೊಳಹು ದೊರೆತಿರಬಹುದೆಂದು ಭಾಷಾಶಾಸ್ತ್ರಜ್ಞ ಪಾಲ್ ಕಿಪಾರ್ಸ್ಕಿ ಊಹಿಸಿದ್ದಾರೆ. ಅದು ಊಹೆ, ಚಂದದ ಊಹೆ. ಆದರೆ ಹೊರನಾಡಿನ ನಮ್ಮ ಗುಂಪುಗಳಲ್ಲಿ ಮೊಬೈಲಿನಿಂದ ಮೊಬೈಲಿಗೆ ಹಾರುವಾಗ ಅದು 'ಆವರ್ತ ಕೋಷ್ಟಕ ನಮ್ಮ ಋಷಿಗಳದೇ' ಎಂಬ ಘೋಷಣೆಯಾಗುತ್ತದೆ. ಪಂಚಭೂತಗಳೇ ಮೂಲ ಕೋಷ್ಟಕ ಎಂಬ ಮಾತೂ ಅದರ ಬೆನ್ನಿಗೆ ಬರುತ್ತದೆ. ದೂರದಲ್ಲಿರುವವರಿಗೆ ಊರಿನ ಹೆಮ್ಮೆ ಬೇಕು ಎಂಬುದನ್ನು ನಾವು ಬಲ್ಲೆವು. ಆದರೂ ಇಂಥ ಹೆಮ್ಮೆ ಎರಡು ಸಾಧನೆಗಳಿಗೂ ಅನ್ಯಾಯ ಮಾಡುತ್ತದೆ. ಪಂಚಭೂತಗಳ ವಿಚಾರ ಲೋಕವನ್ನು ಇಂದ್ರಿಯಗಳ ಮೂಲಕ ಅರಿಯುವ ಬಗೆ; ಶಬ್ದ, ಸ್ಪರ್ಶ, ರೂಪ, ರಸ, ಗಂಧಗಳ ಲೆಕ್ಕ. ಸಾವಿನ ಮುಂದೆ ನಿಂತವರಿಗೆ ಅದು ಹೇಳುವ ಸಾಂತ್ವನ ಬೇರೆ. ಗ್ಯಾಲಿಯಂನ ಸಾಂದ್ರತೆಯನ್ನು ಅದರಿಂದ ಎಣಿಸಲು ಬರುವುದಿಲ್ಲ, ಅದು ಹಾಗೆಂದು ಹೇಳಿಕೊಳ್ಳಲೂ ಇಲ್ಲ. ಇನ್ನು ಅಕ್ಷರಗಳನ್ನು ದನಿಯ ಗುಣದ ಮೇಲೆ ಜೋಡಿಸಿದ ನಮ್ಮ ಹಿರಿಯರ ಬುದ್ಧಿ ತನ್ನಷ್ಟಕ್ಕೇ ದೊಡ್ಡದು. ಅದಕ್ಕೆ ರಸಾಯನಶಾಸ್ತ್ರದ ಸಾಲದ ಕಿರೀಟ ಬೇಕಿಲ್ಲ.

ಹೆಮ್ಮೆಪಡಲೇಬೇಕೆಂದರೆ ಬೇರೊಂದು ಮಾದರಿಯಿದೆ. ಕಲ್ಕತ್ತೆಯ ಪ್ರಫುಲ್ಲಚಂದ್ರ ರಾಯ್ ಅವರು ಮೆಂಡಲೀವರ ಖಾಲಿ ಮನೆಗಳಲ್ಲಿ ಒಂದೆರಡನ್ನಾದರೂ ತುಂಬಬಲ್ಲ ಧಾತು ಸಿಕ್ಕೀತೆಂಬ ಆಸೆಯಿಂದ ಭಾರತದ ಅಪರೂಪದ ಖನಿಜಗಳನ್ನು ಪರೀಕ್ಷಿಸುತ್ತಿದ್ದರು. ಹೊಸ ಧಾತು ಸಿಗಲಿಲ್ಲ. ಆ ದಿನಗಳಲ್ಲೇ ಅವರಿಗೆ ಮರ್ಕ್ಯುರಸ್ ನೈಟ್ರೈಟ್ ಎಂಬ ಪಾದರಸದ ಹೊಸ ಸಂಯುಕ್ತ ಕೈಗೆ ಬಂತು. ಅದರ ಮೇಲೆಯೇ ಅವರ ಮುಂದಿನ ಸಂಶೋಧನೆ ಬೆಳೆಯಿತು. ಖಾಲಿ ಮನೆಯನ್ನು ನೋಡಿ 'ಇದು ಮೊದಲೇ ನಮ್ಮದು' ಎನ್ನದೆ, 'ಇಲ್ಲೇನಿರಬಹುದು' ಎಂದು ಕೇಳಿ, ಕಲ್ಲು ಕುಟ್ಟಿ ನೋಡಿದವರು ಅವರು. ನಮ್ಮ ಮಕ್ಕಳಿಗೆ ಹೇಳಬೇಕಾದ ಕಥೆ ಇದು.

ನಂಟಸ್ತಿಕೆ ಯಾವಾಗಲೂ ಒಳಿತನ್ನೇ ತರುವುದಿಲ್ಲ ಎಂಬುದನ್ನೂ ಕೋಷ್ಟಕ ಕಲಿಸುತ್ತದೆ. ನಮ್ಮ ಮೂಳೆಯಲ್ಲಿ ಉಳಿದ ರಂಜಕದ ಕೆಳಗಿನ ಮನೆಯಲ್ಲಿ ಆರ್ಸೆನಿಕ್ ಕುಳಿತಿದೆ. ಎರಡೂ ಹದಿನೈದನೆಯ ವರ್ಗದವು. ಜೀವಕೋಶದಲ್ಲಿ ಶಕ್ತಿಯ ಸಾಗಾಟ ನಡೆಯುವುದು ಫಾಸ್ಫೇಟಿನ ಹೆಗಲ ಮೇಲೆ. ಆರ್ಸೆನೇಟ್ ಅದನ್ನು ಎಷ್ಟು ಹೋಲುತ್ತದೆಂದರೆ, ಫಾಸ್ಫೇಟಿಗೆಂದು ತೆರೆದ ಬಾಗಿಲಿನಿಂದಲೇ ಒಳಗೆ ಬಂದುಬಿಡುತ್ತದೆ. ಬಂದಮೇಲೆ ಆ ಕೆಲಸವನ್ನು ಮಾಡಲಾರದೆ ಕೆಡಿಸುತ್ತದೆ. ಇದು ಪುಸ್ತಕದ ಮಾತಲ್ಲ. ಹಿಮಾಲಯದಿಂದ ಬಂದ ಹೂಳಿನಲ್ಲಿ ಕಬ್ಬಿಣದ ಆಕ್ಸೈಡಿಗೆ ಅಂಟಿಕೊಂಡ ಆರ್ಸೆನಿಕ್, ಗಂಗಾ ಬಯಲಿನ ಆಳವಿಲ್ಲದ ಅಂತರ್ಜಲದಲ್ಲಿ ಆಮ್ಲಜನಕ ಕಡಿಮೆಯಾದಾಗ ಬಿಡುಗಡೆಗೊಂಡು ನೀರಿಗೆ ಸೇರುತ್ತದೆ. ನಾವು ಕುಳಿತಿದ್ದ ಘಾಟಿನಿಂದ ಹೊಳೆಯ ಹರಿವಿನೊಡನೆ ಕೆಳಗೆ ಸಾಗಿದರೆ ಸಿಗುವ ಬಲಿಯಾ ಜಿಲ್ಲೆಯ ಕೈಪಂಪುಗಳ ನೀರಿನಲ್ಲಿ ಅದು ಕಂಡುಬಂದಿದೆ. ನಮ್ಮ ನಾಡಿನಲ್ಲಿ, ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಅದೇ ವಿಷ ಜನರ ಚರ್ಮವನ್ನು ಹುಣ್ಣಾಗಿಸಿತು. ಆ ನೀರು ತಿಳಿಯಾಗಿರುತ್ತದೆ, ರುಚಿ ಕೆಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಂನ ಲಕ್ಷದಲ್ಲಿ ಒಂದು ಪಾಲು. ಅಂಗೈ ಅಂಗಾಲು ಗಡುಸಾಗಿ, ಮೈಮೇಲೆ ಚುಕ್ಕೆ ಮೂಡುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ.

ಇನ್ನೊಂದು ಉದಾಹರಣೆ ಅಮೆರಿಕದಲ್ಲಿರುವ ನಮ್ಮ ಓದುಗರಿಗೆ ಹತ್ತಿರದ್ದು. ಕ್ಯಾಲ್ಸಿಯಂನ ಕೆಳಗಿನ ಮನೆ ಸ್ಟ್ರಾನ್ಷಿಯಂನದು. ಬಯಲಿನಲ್ಲಿ ಅಣುಬಾಂಬುಗಳನ್ನು ಸಿಡಿಸಿ ಪರೀಕ್ಷಿಸುತ್ತಿದ್ದ ಕಾಲದಲ್ಲಿ ವಿಕಿರಣ ಸೂಸುವ ಸ್ಟ್ರಾನ್ಷಿಯಂ-90 ಹುಲ್ಲಿಗೆ, ಹುಲ್ಲಿನಿಂದ ಹಾಲಿಗೆ, ಹಾಲಿನಿಂದ ಮಕ್ಕಳ ಮೂಳೆಗೆ ಬಂತು. ಮೂಳೆ ಅದನ್ನು ಕ್ಯಾಲ್ಸಿಯಂನ ನಂಟನೆಂದು ಒಳಗೆ ಕರೆಯಿತು. ಸೇಂಟ್ ಲೂಯಿಸ್ ನಗರದಲ್ಲಿ ತಾಯಂದಿರು ಮಕ್ಕಳ ಬಿದ್ದ ಹಾಲುಹಲ್ಲುಗಳನ್ನು ಸಾವಿರ ಸಾವಿರವಾಗಿ ಪರೀಕ್ಷೆಗೆ ಕಳುಹಿಸಿಕೊಟ್ಟರು. ಬಯಲು ಪರೀಕ್ಷೆಗಳಿಗೆ ಕಡಿವಾಣ ಹಾಕಿದ 1963ರ ಒಪ್ಪಂದದ ಹಿಂದೆ ಇಂಥ ಆತಂಕದ ಪಾಲೂ ಇತ್ತು. ಹಲ್ಲಿನಲ್ಲಿ ಏನನ್ನು ಹುಡುಕಬೇಕೆಂದು ತಿಳಿಯಲು ಕೋಷ್ಟಕದ ಎರಡನೆಯ ಕಂಬವನ್ನು ಮೇಲಿನಿಂದ ಕೆಳಗೆ ಓದಲು ಬಂದಿರಬೇಕಿತ್ತು.

ಹೀಗಿರುವಾಗ, ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಧಾತುಗಳ ಆವರ್ತನೀಯ ವರ್ಗೀಕರಣದ ಅಧ್ಯಾಯವನ್ನು ಕೈಬಿಟ್ಟು, 2023ರಲ್ಲಿ ಅದಿಲ್ಲದ ಪುಸ್ತಕವನ್ನು ಹೊರತಂದದ್ದು ನಮಗೆ ಸರಿಕಾಣಲಿಲ್ಲ. ಮಕ್ಕಳ ಹೊರೆ ಇಳಿಸುವುದು ಉದ್ದೇಶ, ಹನ್ನೊಂದನೆಯ ತರಗತಿಯಲ್ಲಿ ಆ ವಿಷಯ ಇದ್ದೇ ಇದೆ ಎಂಬುದು ಪರಿಷತ್ತಿನ ವಿವರಣೆ. ಅದರಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಸೋಂಕಿನ ವರ್ಷಗಳಲ್ಲಿ ಮಕ್ಕಳು ಪಟ್ಟ ಪಾಡನ್ನು ಎಲ್ಲರೂ ಕಂಡಿದ್ದೇವೆ. ಉರುಹೊಡೆಯುವ ಪಟ್ಟಿಯಾಗಿ ಕಲಿಸುವುದಾದರೆ ಆ ಅಧ್ಯಾಯ ಹೊರೆಯೇ ಸರಿ. ಆದರೆ ಹನ್ನೊಂದರಲ್ಲಿ ವಿಜ್ಞಾನವನ್ನು ಆಯ್ದುಕೊಳ್ಳದ ಮಕ್ಕಳೇ ಹೆಚ್ಚು. ವಾಣಿಜ್ಯ, ಕಲೆ, ಕೆಲಸ, ಮದುವೆ ಎಂದು ಬೇರೆ ದಾರಿ ಹಿಡಿದವರಿಗೆ ಹತ್ತನೆಯ ತರಗತಿಯೇ ರಸಾಯನಶಾಸ್ತ್ರದ ಕೊನೆಯ ಮೆಟ್ಟಿಲು. ಬಾವಿಯ ನೀರನ್ನು ಕುಡಿಯುವವರು, ಮಗುವಿಗೆ ಹಾಲು ಕುಡಿಸುವವರು, ಊರಿನ ಪಂಚಾಯಿತಿಯಲ್ಲಿ ಕೂರುವವರು ಅವರೇ. ಆಮ್ಲ, ಪ್ರತ್ಯಾಮ್ಲ, ಲೋಹ, ಲವಣ ಎಂದು ಒಂದೊಂದು ಪಾಠ ಉಳಿಸಿಕೊಂಡು ಅವುಗಳ ನಡುವಿನ ನಂಟನ್ನು ತೋರುವ ಪಾಠವನ್ನೇ ತೆಗೆಯುವುದೆಂದರೆ, ಅಕ್ಷರಗಳನ್ನು ಒಂದೊಂದಾಗಿ ಕಲಿಸಿ ವರ್ಣಮಾಲೆಯನ್ನು ಬಿಟ್ಟಂತೆ. ಹೊರೆಯನ್ನು ಹೆಚ್ಚಿಸುವುದು ಬಿಡಿ ಸಂಗತಿಗಳು. ಅವನ್ನು ಕಟ್ಟುವ ಹಗ್ಗವನ್ನು ಕಿತ್ತುಕೊಂಡರೆ ಹೊರೆ ಕಡಿಮೆಯಾಗದು, ಚೆಲ್ಲಾಪಿಲ್ಲಿಯಾಗುತ್ತದೆ.

ಪಠ್ಯಪುಸ್ತಕ ನಮ್ಮ ಕೈಯಲ್ಲಿಲ್ಲ. ಭಾನುವಾರದ ಕನ್ನಡ ತರಗತಿಗಳು ನಮ್ಮ ಕೈಯಲ್ಲಿವೆ. ಅಲ್ಲಿ ಒಂದು ಗಂಟೆ ಸಾಕು. ಮೊದಲು ವರ್ಗೀಯ ವ್ಯಂಜನಗಳ ಇಪ್ಪತ್ತೈದು ಚೀಟಿಗಳನ್ನು ಹರಡಿ, ದನಿಯನ್ನು ಕೇಳಿ ಕೇಳಿ ಜೋಡಿಸಲು ಹೇಳಬೇಕು. ಒಂದು ಚೀಟಿಯನ್ನು ಬಚ್ಚಿಟ್ಟು, ಅದರ ದನಿ ಹೇಗಿರಬಹುದೆಂದು ಕೇಳಬೇಕು. ಆಮೇಲೆ ಜಲಜನಕದಿಂದ ಕ್ಯಾಲ್ಸಿಯಂವರೆಗಿನ ಇಪ್ಪತ್ತು ಧಾತುಗಳ ಚೀಟಿಗಳನ್ನು, ಗುಣಗಳನ್ನು ಬರೆದು, ಅದೇ ಆಟಕ್ಕೆ ಇಳಿಸಬೇಕು. ಅಲ್ಲಿಯೂ ಒಂದನ್ನು ಬಚ್ಚಿಡಬೇಕು. ಹೆಸರುಗಳಲ್ಲಿ ಅಡಗಿರುವ ಕಥೆಗಳನ್ನೂ ಹೇಳಬೇಕು. ಇಂಗಾಲ, ಗಂಧಕ, ಸತು, ತವರ, ಸೀಸ, ಪಾದರಸಗಳು ನಮ್ಮ ಅಂಗಡಿಬೀದಿಯ ಹಳೆಯ ಮಾತುಗಳು. ಆಮ್ಲಜನಕ ಎಂಬ ಹೆಸರಿನಲ್ಲಿ ಲವೋಸಿಯೇ ಮಾಡಿದ ತಪ್ಪೊಂದು ಹಾಗೆಯೇ ಕುಳಿತಿದೆ: ಎಲ್ಲ ಆಮ್ಲಗಳಿಗೂ ಅದೇ ಮೂಲವೆಂದು ಅವರು ಬಗೆದಿದ್ದರು, ಹಾಗಲ್ಲವೆಂದು ಮುಂದೆ ಡೇವಿ ತೋರಿಸಿದರು. ವಿಜ್ಞಾನ ತನ್ನ ತಪ್ಪನ್ನು ತಿದ್ದಿಕೊಂಡರೂ ಹೆಸರಿನಲ್ಲಿ ಅದರ ಗುರುತು ಉಳಿಯುತ್ತದೆ ಎಂಬುದು ಮಗುವಿಗೆ ತಿಳಿಯಲಿ.

ವರ್ಗ, ಕುಲ, ನಂಟು ಎಂಬ ಮಾತುಗಳನ್ನು ನಾವು ಇಲ್ಲಿ ಧಾರಾಳವಾಗಿ ಬಳಸಿದ್ದೇವೆ. ಅವು ಧಾತುಗಳಿಗೆ ಸಲ್ಲುವ ಮಾತುಗಳು. ಮನುಷ್ಯರನ್ನು ಹುಟ್ಟಿನ ಮನೆಯಲ್ಲಿ ಕೂರಿಸಿ ಗುಣವನ್ನು ಮೊದಲೇ ಬರೆದಿಡುವ ಕೋಷ್ಟಕವೊಂದು ನಮ್ಮಲ್ಲಿತ್ತು, ಇನ್ನೂ ಇದೆ. ಅದರ ಸುಳ್ಳನ್ನು ನೋಡಲು ಹರಿಶ್ಚಂದ್ರ ಘಾಟಿಗಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿ ಸುಟ್ಟವರ ಬೂದಿಗೂ ಸುಡುವವರ ಬೂದಿಗೂ ಕ್ಯಾಲ್ಸಿಯಂ, ರಂಜಕಗಳ ಲೆಕ್ಕ ಒಂದೇ. ಗಂಗಾ ಕ್ರಿಯಾ ಯೋಜನೆಯ ಕಾಲದಲ್ಲಿ ಅಲ್ಲಿ ಕಟ್ಟಿದ ವಿದ್ಯುತ್ ಚಿತಾಗಾರದಲ್ಲೂ ಅದೇ ಲೆಕ್ಕ. ಕಡಿಮೆಯಾಗುವುದು ಸೌದೆಯ ಬೂದಿಯ ಪೊಟ್ಯಾಸಿಯಂ ಮಾತ್ರ.

ಹಿಂದಿರುಗುವ ರೈಲಿನಲ್ಲಿ ಹುಡುಗಿ ಕಾಗದವೊಂದನ್ನು ಕೇಳಿ ಪಡೆದು ಕೋಷ್ಟಕದ ಮೊದಲ ನಾಲ್ಕು ಸಾಲುಗಳನ್ನು ಬರೆದಳು. ಹೊಗೆಯಾಗಿ ಹೋದವುಗಳಿಗೆ ಒಂದು ಬಣ್ಣ, ಕುಡಿಕೆಯಲ್ಲಿದ್ದವುಗಳಿಗೆ ಇನ್ನೊಂದು ಬಣ್ಣ ಹಾಕಿದಳು. ಸಾರಜನಕದ ಕೆಳಗೇ ಇರುವ ರಂಜಕ ಮಾತ್ರ ಏಕೆ ಉಳಿಯಿತು, ಒಂದೇ ವರ್ಗವಲ್ಲವೇ ಎಂದು ಕೇಳಿದಳು. ಸಾರಜನಕದ ಪರಮಾಣುಗಳು ಜೋಡಿ ಜೋಡಿಯಾಗಿ ಒಂದನ್ನೊಂದು ಬಿಗಿಯಾಗಿ ಹಿಡಿದು ಅನಿಲವಾಗಿಬಿಡುತ್ತವೆ, ರಂಜಕಕ್ಕೆ ಆಮ್ಲಜನಕದ ಮೇಲೆ ಹೆಚ್ಚು ಒಲವು ಎಂದು ನಮಗೆ ತಿಳಿದಷ್ಟು ಹೇಳಿದೆವು. ಅಣ್ಣ ತಮ್ಮಂದಿರೆಂದ ಮಾತ್ರಕ್ಕೆ ಎಲ್ಲದರಲ್ಲೂ ಒಂದೇ ಆಗಬೇಕಿಲ್ಲವಲ್ಲ ಎಂದು ಹಿರಿಯರು ಸೇರಿಸಿದರು. ಅವಳು ಈ ಬಾರಿ ಸುಮ್ಮನಾಗಲಿಲ್ಲ. ಹಾಗಾದರೆ ಆರ್ಸೆನಿಕ್ ಯಾರ ಹಾಗೆ ಎಂದು ಕೇಳಿದಳು.